ಆರಕ್ಕೆ ಏರಿ ಒಂದಕ್ಕೆ ಇಳಿಯುವ ಸರ

ನಮ್ಮ ಅಪ್ಪ ಗದಗಿನ ಒಂದು ಸಣ್ಣ ಅಂಗಡಿಯಲ್ಲಿ ಕುಳಿತು ಸರ ಪೋಣಿಸುತ್ತಿದ್ದರು. ಚಿನ್ನದ ಕೆಲಸ ಮಾಡುವವರು ಬೇರೆ, ಚಿನ್ನದ ಗುಂಡು, ಹವಳ, ಮುತ್ತುಗಳನ್ನು ರೇಷ್ಮೆ ದಾರದಲ್ಲಿ ಕೂಡಿಸಿ ಕೊಡುವವರು ಬೇರೆ. ಅಪ್ಪನದು ಎರಡನೆಯ ಕಸುಬು. ಗಿರಾಕಿ ತಂದ ಮಣಿಗಳನ್ನು ಹಿತ್ತಾಳೆಯ ತಟ್ಟೆಗೆ ಸುರಿದು ಮೊದಲು ಎಲ್ಲಕ್ಕಿಂತ ದೊಡ್ಡದನ್ನು ಹುಡುಕುತ್ತಿದ್ದರು. ಅದು ನಡುಮಣಿ. ಆಮೇಲೆ ಅದಕ್ಕಿಂತ ಒಂದು ಕೂದಲಿನಷ್ಟು ಚಿಕ್ಕವು ಎರಡು, ಅವಕ್ಕಿಂತ ಚಿಕ್ಕವು ಮತ್ತೆರಡು. ಹೀಗೆ ಜೋಡಿ ಜೋಡಿಯಾಗಿ ಎಡಕ್ಕೊಂದು ಬಲಕ್ಕೊಂದು ಇಡುತ್ತ ಹೋಗುತ್ತಿದ್ದರು. ಜೋಡಿ ಸಿಗದ ಮಣಿಯನ್ನು ಕಾಗದದಲ್ಲಿ ಕಟ್ಟಿ ಗಿರಾಕಿಗೆ ಹಿಂತಿರುಗಿಸುತ್ತಿದ್ದರು. ‘ಕೊರಳಿಗೆ ಹಾಕಿಕೊಂಡವರು ಸರವನ್ನು ತಿರುಗಿಸಿ ಹಾಕಿಕೊಂಡರೂ ನೋಡುವವರಿಗೆ ಗೊತ್ತಾಗಬಾರದು’ ಎನ್ನುತ್ತಿದ್ದರು. ಶಾಲೆಯಿಂದ ಬಂದು ಆ ತಟ್ಟೆಯ ಎದುರು ಕುಳಿತು ಜೋಡಿ ಹುಡುಕಿ ಕೊಡುವುದು ನನ್ನ ಸಂಜೆಯ ಕೆಲಸವಾಗಿತ್ತು.

ಈಗ ನಾನು ಧಾರವಾಡದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳುತ್ತೇನೆ. ಇಪ್ಪತ್ತು ವರ್ಷಗಳ ಹಿಂದೆ, ಇನ್ನೂ ಓದುತ್ತಿದ್ದಾಗ, ಗ್ರಂಥಾಲಯದಲ್ಲಿ ಕುಳಿತು ಮಹಾವೀರಾಚಾರ್ಯರ ಗಣಿತಸಾರಸಂಗ್ರಹವನ್ನು ತಿರುವಿಹಾಕುತ್ತಿದ್ದೆ. ಗುಣಾಕಾರದ ಲೆಕ್ಕಗಳ ನಡುವೆ ಒಂದು ಸಂಖ್ಯೆ ಕಣ್ಣಿಗೆ ಬಿತ್ತು:

12345654321

ನನಗೆ ಮೊದಲು ನೆನಪಾದದ್ದು ಅಪ್ಪನ ತಟ್ಟೆ. ನಡುವೆ ಆರು, ಎರಡೂ ಬದಿಗೆ ಐದು, ನಾಲ್ಕು, ಮೂರು, ಎರಡು, ಒಂದು. ಹನ್ನೊಂದು ಮಣಿಗಳ ಸರ. ‘ವಿಕಟಕವಿ’ಯಂತೆ ಎತ್ತಲಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಮಹಾವೀರಾಚಾರ್ಯರು ಕರೆಯುವುದೇ ಕಂಠಾಭರಣ ಎಂದು. ಅದು ತಿಳಿದ ದಿನ ಮನೆಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದ್ದೆ. ಅಂದಿನಿಂದ ಈ ಸಂಖ್ಯೆ ನನ್ನ ಜೊತೆಗಿದೆ.

ಮಹಾವೀರಾಚಾರ್ಯರು ನಮ್ಮ ನಾಡಿನವರೇ. ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಈ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದರು. ಗ್ರಂಥದ ಆರಂಭದಲ್ಲಿ ಆ ದೊರೆಯ ಸ್ತುತಿಯಿದೆ. ಕನ್ನಡಕ್ಕೆ ಕವಿರಾಜಮಾರ್ಗ ದೊರೆತದ್ದೂ ಅದೇ ಆಸ್ಥಾನದಿಂದ. ಮಾನ್ಯಖೇಟವೆಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕಾಗಿಣಾ ನದಿಯ ದಂಡೆಯ ಆ ಕೋಟೆಗೆ ಒಮ್ಮೆ ಹೋಗಿ ಬಂದಿದ್ದೇನೆ. ‘ಮೂರು ಲೋಕದಲ್ಲಿ ಚರಾಚರ ಎಂದು ಏನೇನಿದೆಯೋ ಅದಾವುದೂ ಗಣಿತವಿಲ್ಲದೆ ಇಲ್ಲ’ ಎಂಬ ಅವರ ಮಾತನ್ನು ಗಣಿತದ ಮೇಷ್ಟ್ರುಗಳು ಸಭೆಗಳಲ್ಲಿ ಹೇಳುತ್ತಿರುತ್ತೇವೆ. ನನಗೆ ಅದಕ್ಕಿಂತ ಅವರ ಲೆಕ್ಕಗಳೇ ಹೆಚ್ಚು ಪ್ರಿಯ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಈ ಗ್ರಂಥವನ್ನು ಅಚ್ಚು ಹಾಕಿಸಿದ್ದರಿಂದ ಹೊರಗಿನವರಿಗೂ ಅವುಗಳ ಪರಿಚಯವಾಯಿತು.

ಈ ಸಂಖ್ಯೆಯನ್ನು ಅವರು ಬಣ್ಣಿಸುವ ಬಗೆ ಹೀಗಿದೆ: ‘ಏಕಾದಿಷಡಂತಾನಿ ಕ್ರಮೇಣ ಹೀನಾನಿ’. ಒಂದರಿಂದ ತೊಡಗಿ ಆರರಲ್ಲಿ ಮುಗಿದು, ಬಳಿಕ ಕ್ರಮವಾಗಿ ಇಳಿಯುವವು. ಇಷ್ಟು ಹೇಳಿದರೆ ಸಾಕು, ಕೇಳಿದವನು ಹನ್ನೊಂದು ಅಂಕಿಗಳನ್ನೂ ತಪ್ಪಿಲ್ಲದೆ ಬರೆಯಬಹುದು. ಹಾಗೆ ಬರೆಯಬೇಕಾದರೆ ಅಂಕಿಯ ಬೆಲೆ ಅದು ಕುಳಿತ ಸ್ಥಾನದಿಂದ ಬರುತ್ತದೆ ಎಂಬುದು ಹೇಳುವವನಿಗೂ ಕೇಳುವವನಿಗೂ ಉಸಿರಾಟದಷ್ಟು ಸಹಜವಾಗಿರಬೇಕು. ಮಹಾವೀರಾಚಾರ್ಯರು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಏಕ, ದಶ, ಶತ, ಸಹಸ್ರದಿಂದ ಹೊರಟು ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ ಮಹಾಕ್ಷೋಭದವರೆಗೆ. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ ಇಟ್ಟರೆ ಮಹಾಕ್ಷೋಭ. ಆ ಪಟ್ಟಿ ಹಿಡಿದು ಓದಿದರೆ ನಮ್ಮ ಸರದ ಎಡತುದಿಯ ಮಣಿ ಅರ್ಬುದದ ಸ್ಥಾನದಲ್ಲಿದೆ, ನಡುಮಣಿಯಾದ ಆರು ಲಕ್ಷದಲ್ಲಿದೆ, ಬಲತುದಿಯದು ಏಕದಲ್ಲಿ. ನಮ್ಮ ಇಂದಿನ ಮಾತಿನಲ್ಲಿ ಅದು ಒಂದು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಹೀಗೆ ಓದಿದಾಗ ಸರ ಹರಿದು ಮಣಿಗಳು ಚೆಲ್ಲಿದಂತೆ ನನಗೆ ಕೇಳಿಸುತ್ತದೆ. ಲಕ್ಷ, ಕೋಟಿಗಳ ಲೆಕ್ಕದಲ್ಲಿ ಅಲ್ಪವಿರಾಮ ಹಾಕಿದರೂ ಸಮತೂಕ ಉಳಿಯುವುದಿಲ್ಲ, ಮೊಬೈಲ್ ಹಾಕುವ ಮೂರು ಮೂರರ ವಿರಾಮದಲ್ಲೂ ಉಳಿಯುವುದಿಲ್ಲ. ಈ ಸಂಖ್ಯೆಯನ್ನು ವಿರಾಮವಿಲ್ಲದೆಯೇ ಬರೆಯಬೇಕು.

ಇನ್ನು ಅದರ ಹುಟ್ಟು. 111111ನ್ನು ಅದರಿಂದಲೇ ಗುಣಿಸಿದರೆ ಈ ಸಂಖ್ಯೆ ಬರುತ್ತದೆ. ಕಾಗದದ ಮೇಲೆ ಮಾಡಿ ನೋಡಿ ಎಂದು ಮಕ್ಕಳಿಗೆ ಹೇಳುತ್ತೇನೆ, ಕ್ಯಾಲ್ಕುಲೇಟರ್ ಮುಟ್ಟಲು ಬಿಡುವುದಿಲ್ಲ. ಒಂದೇ ಸಾಲು ಆರು ಸಲ, ಪ್ರತಿ ಸಲವೂ ಒಂದು ಮನೆ ಎಡಕ್ಕೆ ಸರಿದು, ಮೆಟ್ಟಿಲಿನಂತೆ ಇಳಿಯುತ್ತದೆ. ಕಂಬಸಾಲುಗಳನ್ನು ಕೂಡಿಸಿದರೆ ಬಲತುದಿಯಲ್ಲಿ ಒಂದೇ ಒಂದು, ಅದರ ಪಕ್ಕ ಎರಡು, ನಡುವೆ ಆರೂ ಸಾಲುಗಳು ಕೂಡಿ ಆರು, ಅಲ್ಲಿಂದ ಮತ್ತೆ ಇಳಿತ. ಎಲ್ಲಿಯೂ ಮೊತ್ತ ಹತ್ತನ್ನು ಮುಟ್ಟುವುದಿಲ್ಲ, ‘ಕೈಯಲ್ಲಿ ಒಂದು’ ಎನ್ನುವ ಪ್ರಸಂಗವೇ ಬರುವುದಿಲ್ಲ. ಒಂಬತ್ತು ಒಂದುಗಳವರೆಗೆ ಹೀಗೆಯೇ ನಡೆಯುತ್ತದೆ, 12345678987654321ರವರೆಗೆ. ಹತ್ತು ಒಂದುಗಳಿಗೆ ಹೋದರೆ ನಡುಕಂಬದಲ್ಲಿ ಹತ್ತು ಬಂದು ಕೈಯಲ್ಲಿ ಒಂದು ಉಳಿಯುತ್ತದೆ, ಅದು ಎಡಕ್ಕೆ ಹರಿದು 1234567900987654321 ಆಗುತ್ತದೆ. ಎಡ, ಬಲ ಕೂಡದ ಸರ. ಅಪ್ಪನಾಗಿದ್ದರೆ ಬಿಚ್ಚಿ ಮತ್ತೆ ಪೋಣಿಸುತ್ತಿದ್ದರು.

ಕೈಯಲ್ಲಿ ಏನೂ ಉಳಿಯದಿರುವುದರಿಂದ ಇನ್ನೊಂದು ಲಾಭವಿದೆ. ಸರದ ಅಂಕಿಗಳನ್ನೆಲ್ಲ ಕೂಡಿಸಿದರೆ 36, ಅಂದರೆ ಆರರ ವರ್ಗ. ಇದು ಆಕಸ್ಮಿಕವಲ್ಲ. ಸ್ಥಾನದಿಂದ ಸ್ಥಾನಕ್ಕೆ ಹತ್ತು ಪಟ್ಟು ಏರುವ ಬದಲು ಏರದೇ ಇದ್ದರೆ 111111 ಎಂಬುದು ಬರೀ ಆರು ಒಂದುಗಳ ಮೊತ್ತ, ಆರು. ಅದರ ವರ್ಗ ಮೂವತ್ತಾರು. ಅದೇ ಹತ್ತರ ಬದಲು ನೂರು ಪಟ್ಟು ಏರುವಂತೆ ಬರೆದರೆ 10101010101ರ ವರ್ಗ 102030405060504030201. ಮಣಿಗಳು ಅವೇ, ನಡುವಿನ ದಾರ ಉದ್ದವಾಯಿತು.

ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸುವುದು ದಾಳದ ಸಂಗತಿ. ಹಾವು ಏಣಿ ಆಟದ ಎರಡು ದಾಳಗಳನ್ನು ಒಟ್ಟಿಗೆ ಉರುಳಿಸಿ ಮೊತ್ತ ನೋಡಿ. ಎರಡು ಬೀಳುವುದು ಒಂದೇ ಬಗೆಯಲ್ಲಿ, ಎರಡೂ ದಾಳದಲ್ಲಿ ಒಂದೊಂದು ಬಂದರೆ. ಮೂರು ಬೀಳುವುದು ಎರಡು ಬಗೆಯಲ್ಲಿ, ನಾಲ್ಕು ಮೂರು ಬಗೆಯಲ್ಲಿ. ಏಳು ಆರು ಬಗೆಯಲ್ಲಿ ಬೀಳಬಹುದು, ಅದೇ ಶಿಖರ. ಹನ್ನೆರಡು ಮತ್ತೆ ಒಂದೇ ಬಗೆ. ಎರಡರಿಂದ ಹನ್ನೆರಡರವರೆಗೆ ಆ ಬಗೆಗಳನ್ನು ಸಾಲಾಗಿ ಬರೆದರೆ ಒಂದು, ಎರಡು, ಮೂರು, ನಾಲ್ಕು, ಐದು, ಆರು, ಐದು, ನಾಲ್ಕು, ಮೂರು, ಎರಡು, ಒಂದು. ಒಟ್ಟು ಮೂವತ್ತಾರು. 111111ರ ಒಂದೊಂದು ಒಂದೂ ದಾಳದ ಒಂದೊಂದು ಮುಖ. ಎರಡು ದಾಳ ಉರುಳಿಸುವುದೂ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸುವುದೂ ಒಳಗಿನಿಂದ ಒಂದೇ ಕೆಲಸ. ಕಳೆದ ವರ್ಷ ಇದನ್ನು ಬೋರ್ಡಿನ ಮೇಲೆ ಬರೆದಾಗ ತರಗತಿ ಸ್ವಲ್ಪ ಹೊತ್ತು ಸದ್ದಿಲ್ಲದೆ ಕುಳಿತಿತ್ತು. ಒಂಬತ್ತನೇ ತರಗತಿಯ ಆ ಮೌನಕ್ಕಾಗಿ ನಾನು ಎಷ್ಟು ದಿನ ಬೇಕಾದರೂ ಕಾಯುತ್ತೇನೆ.

ಆದರೆ ಮಹಾವೀರಾಚಾರ್ಯರು ಈ ಲೆಕ್ಕವನ್ನು 111111ರ ವರ್ಗವಾಗಿ ಕೊಟ್ಟಿಲ್ಲ. ಅವರು ಕೇಳುವುದು 27994681ನ್ನು 441ರಿಂದ ಗುಣಿಸಿದರೆ ಎಷ್ಟು ಎಂದು. ಆ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಮೇಡಂ, ನೇರವಾಗಿ ಒಂದುಗಳನ್ನೇ ಕೊಡಬಹುದಿತ್ತಲ್ಲ, 441 ಯಾಕೆ?’ ಎಂದಳು. ಇಷ್ಟು ವರ್ಷ ಆ ಪುಟ ನೋಡಿದ ನಾನು ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟು, ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ ಕುಳಿತೆ.

111111ನ್ನು ಒಡೆಯುವುದರಿಂದ ಶುರುಮಾಡಿದೆ. ಅದು 111 ಗುಣಿಸು 1001. ಅದರಲ್ಲಿ 111 ಎಂದರೆ 3 ಗುಣಿಸು 37. 1001 ಎಂದರೆ 7, 11, 13ರ ಗುಣಲಬ್ಧ. ಹೀಗೆ 3, 7, 11, 13, 37 ಎಂಬ ಐದು ಅವಿಭಾಜ್ಯ ಸಂಖ್ಯೆಗಳು ಒಂದೊಂದೇ ಸಲ. ನಮ್ಮ ಸರದಲ್ಲಿ ಅವು ಎರಡೆರಡು ಸಲ, ಜೋಡಿ ಜೋಡಿಯಾಗಿ. ಅದರ ಭಾಜಕಗಳ ಎಣಿಕೆ ಮೂರರ ಐದನೆಯ ಘಾತ, 243. ಇನ್ನು 441 ಎಂದರೆ 21ರ ವರ್ಗ, 3 ಮತ್ತು 7ರ ಜೋಡಿಗಳು. ಹಾಗಾದರೆ 27994681ರಲ್ಲಿ ಇರಬೇಕಾದದ್ದು ಉಳಿದ 11, 13, 37ರ ಜೋಡಿಗಳು. ಅವನ್ನು ಒಂದೊಂದೇ ಸಲ ತೆಗೆದುಕೊಂಡು ಗುಣಿಸಿದರೆ 5291. ಅದರ ವರ್ಗ ಮಾಡಿದೆ: 27994681. ನೋಡಿದರೆ ಯಾವ ಗುರುತೂ ಸಿಗದ ಆ ಎಂಟಂಕಿಯ ಸಂಖ್ಯೆಯೂ ಪೂರ್ಣವರ್ಗ! ಅಲ್ಲಿಗೇ ನಿಲ್ಲದೆ 5291ನ್ನು 27ರಿಂದ ಗುಣಿಸಿ ನೋಡಿದೆ, ಬಂದದ್ದು 142857. ಒಂದನ್ನು ಏಳರಿಂದ ಭಾಗಿಸಿದಾಗ ದಶಮಾಂಶದಲ್ಲಿ ಕೊನೆಯಿಲ್ಲದೆ ಸುತ್ತುವ ಆರು ಅಂಕಿಗಳು. ಆರು ಒಂಬತ್ತುಗಳನ್ನು ಏಳರಿಂದ ಭಾಗಿಸಿದರೆ 142857, ಆರು ಒಂದುಗಳನ್ನು ಇಪ್ಪತ್ತೊಂದರಿಂದ ಭಾಗಿಸಿದರೆ 5291. ಒಂದೇ ಮನೆತನ.

ಬಳಿಕ ಇನ್ನೊಂದು ಪ್ರಶ್ನೆ ಬಂತು. ಸರ ಒಂಬತ್ತರವರೆಗೆ ಏರಬಹುದಾಗಿದ್ದರೂ ಅವರು ಆರರಲ್ಲಿ ನಿಲ್ಲಿಸಿದ್ದೇಕೆ? ಐದು ಒಂದುಗಳನ್ನು ಒಡೆದು ನೋಡಿದೆ. ಅದು 41 ಗುಣಿಸು 271, ಬೇರೆ ದಾರಿಯಿಲ್ಲ. ಏಳು ಒಂದುಗಳು 239 ಗುಣಿಸು 4649, ಅಲ್ಲಿಯೂ ಎರಡೇ ತುಂಡು. ಎಂಟು ಒಂದುಗಳಲ್ಲಿ 11, 73, 101, 137. ಒಂಬತ್ತು ಒಂದುಗಳಲ್ಲಿ 3 ಎರಡು ಸಲ, 37 ಒಂದು ಸಲ, ಬಳಿಕ 333667 ಎಂಬ ಒಡೆಯದ ಕಲ್ಲು. ಆರು ಒಂದುಗಳಷ್ಟು ಸಣ್ಣ ಸಣ್ಣ ಅವಿಭಾಜ್ಯಗಳಾಗಿ ಬಿಡಿಸಿಕೊಳ್ಳುವುದು ಇವುಗಳಲ್ಲಿ ಬೇರೊಂದಿಲ್ಲ. ಕೈಯಿಂದ ಲೆಕ್ಕ ಮಾಡುವ ವಿದ್ಯಾರ್ಥಿಗೆ ಗುಣಕ ಮೂರಂಕಿಯೊಳಗಿರಬೇಕು, ಗುಣ್ಯದ ಮುಖ ನೋಡಿ ಗುಟ್ಟು ತಿಳಿಯಬಾರದು. ಆರನ್ನು ಅವರು ಆರಿಸಿದ್ದು ಇದಕ್ಕೇ ಇರಬೇಕು ಎಂಬುದು ನನ್ನ ಊಹೆ. ಅವರು ಪೋಣಿಸಿದ ಇತರ ಸರಗಳನ್ನು ಕಂಡರೆ ಆ ಊಹೆ ಗಟ್ಟಿಯಾಗುತ್ತದೆ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. ಎಂಟು ಒಂದುಗಳ ನಾಲ್ಕು ತುಂಡುಗಳಲ್ಲಿ 73ನ್ನು ಹೊರಗೆಳೆದು ಉಳಿದ ಮೂರನ್ನು ಕಟ್ಟಿಟ್ಟಿದ್ದಾರೆ. 12345679 ಗುಣಿಸು 9, ಒಂಬತ್ತು ಒಂದುಗಳು. 142857143 ಗುಣಿಸು 7, ಎರಡು ತುದಿಗೆ ಎರಡು ಒಂದು, ನಡುವೆ ಬರೀ ಸೊನ್ನೆಯ ದಾರ: 1000000001. 333333666667 ಗುಣಿಸು 33 ಎಂದರೆ 11000011000011, ಮೂರು ಜೋಡಿಮಣಿ. 139 ಗುಣಿಸು 109 ಎಂಬ ಪುಟ್ಟ ಲೆಕ್ಕವೂ ಇದೆ, 15151. ಇವೆಲ್ಲ ಗುಣಿಸುತ್ತ ಗುಣಿಸುತ್ತ ಅಕಸ್ಮಾತ್ ಸಿಕ್ಕವಲ್ಲ. ಮೊದಲು ಸರವನ್ನು ಮನಸ್ಸಿನಲ್ಲಿ ಮಾಡಿಕೊಂಡು, ಅದನ್ನು ಬಿಚ್ಚಿ, ಬಿಚ್ಚಿದ ಮಣಿಗಳನ್ನು ವಿದ್ಯಾರ್ಥಿಯ ತಟ್ಟೆಗೆ ಸುರಿದವರ ಕೆಲಸ ಇದು.

ಮರುದಿನ ಆ ಹುಡುಗಿಗೆ ಇದನ್ನೆಲ್ಲ ಹೇಳಿ, 111111ನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದು ಎಂದು ಕೇಳಿದೆ. ಆ ಪ್ರತಿಯೊಂದರಿಂದಲೂ ನಮ್ಮ ಸರಕ್ಕೆ ಎರಡು ವರ್ಗಗಳ ಒಂದೊಂದು ಲೆಕ್ಕ ಹುಟ್ಟುತ್ತದೆ. ಅವಳೂ ಅವಳ ಬೆಂಚಿನವರೂ ಸೇರಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹದಿನಾರನ್ನೂ ಹುಡುಕಿದರು. 33 ಗುಣಿಸು 3367, 39 ಗುಣಿಸು 2849, 91 ಗುಣಿಸು 1221, 259 ಗುಣಿಸು 429. ಅವರಿಗೆ ಎಲ್ಲಕ್ಕಿಂತ ಚೆಂದ ಕಂಡದ್ದು 143 ಗುಣಿಸು 777. ನನಗೆ ಈಗಲೂ 21 ಗುಣಿಸು 5291.

ದಸರೆ ರಜೆಗೆ ಊರಿಗೆ ಹೋದಾಗ ಆ ಗುಣಾಕಾರವನ್ನು ಅಪ್ಪನ ಎದುರು ಮಾಡಬೇಕೆನಿಸಿತು. ಅಂಗಡಿ ಬಿಟ್ಟು ವರ್ಷಗಳಾಗಿವೆ, ಬೆರಳು ನಡುಗುತ್ತವೆ, ಆದರೆ ಹಿತ್ತಾಳೆ ತಟ್ಟೆ ಇನ್ನೂ ಅವರ ಮಂಚದ ಪಕ್ಕದಲ್ಲೇ ಇದೆ. 27994681, 441 ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ಅಂಕಿಗಳನ್ನು ಎಣಿಸಿದರು, ಹನ್ನೊಂದು. ‘ಒಂಬತ್ತಕ್ಕೆ ಜೋಡಿ ಇದೆ, ಒಂದಕ್ಕೆ ಇದೆ. ನಾಲ್ಕು ಮೂರಿವೆ. ಎರಡು, ಆರು, ಏಳು, ಎಂಟಕ್ಕೆ ಜೋಡಿಯೇ ಇಲ್ಲ. ಇದರಲ್ಲಿ ಸರ ಆಗುವುದಿಲ್ಲ, ತಂಗಿ’ ಎಂದು ಹಾಳೆ ಮರಳಿ ಕೊಟ್ಟರು.

ಮೂರು ಸಾಲು ಬರೆದೆ. ಒಂದರಿಂದ ಗುಣಿಸಿದ ಸಾಲು, ಅದರ ಕೆಳಗೆ ನಾಲ್ಕರಿಂದ ಗುಣಿಸಿ ಒಂದು ಮನೆ ಸರಿಸಿದ ಸಾಲು, ಮತ್ತೆ ಅದೇ ಸಾಲು ಇನ್ನೊಂದು ಮನೆ ಸರಿಸಿ. ಒಂದುಗಳ ಮೆಟ್ಟಿಲಿನಲ್ಲಿ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಇಲ್ಲಿ ಹೆಜ್ಜೆ ಹೆಜ್ಜೆಗೂ ಉಳಿಯುತ್ತದೆ. ನಾನು ಬಲದಿಂದ ಎಡಕ್ಕೆ ಕೂಡಿಸುತ್ತ ಗಟ್ಟಿಯಾಗಿ ಹೇಳುತ್ತ ಹೋದೆ. ಒಂದು. ಹನ್ನೆರಡು, ಎರಡು ಬರೆದು ಕೈಯಲ್ಲಿ ಒಂದು. ಹದಿಮೂರು. ಹದಿನಾಲ್ಕು. ಇಪ್ಪತ್ತೈದು, ಕೈಯಲ್ಲಿ ಎರಡು. ಇಪ್ಪತ್ತಾರು. ಅಪ್ಪ ಹಾಸಿಗೆಯಿಂದ ಎದ್ದು ಕುಳಿತರು. ಮುಂದಿನ ಕಂಬವನ್ನು ಅವರೇ ಕೂಡಿಸಿದರು. ಏಳು, ಒಂಬತ್ತು, ಏಳು, ಕೈಯಲ್ಲಿದ್ದ ಎರಡು, ಇಪ್ಪತ್ತೈದು. ಆಮೇಲೆ ಹದಿನಾಲ್ಕು, ಮೂರು, ಎರಡು, ಒಂದು.

ಕೆಳಗಿನ ಸಾಲನ್ನು ಅಪ್ಪ ಎಡದಿಂದ ಬಲಕ್ಕೆ ಬೆರಳಿಟ್ಟು ಓದಿದರು, ಬಲದಿಂದ ಎಡಕ್ಕೆ ಮತ್ತೊಮ್ಮೆ ಓದಿದರು. ಬೆರಳು ಆರರ ಮೇಲೆ ನಿಂತಿತು. ‘ಇವೆರಡು ಸಂಖ್ಯೆ ಪೋಣಿಸಿದವನು ಯಾರು?’ ಎಂದು ಕೇಳಿದರು. ಮಳಖೇಡದ ಅರಸನ ಕಾಲದವರು ಎಂದೆ. ಅಪ್ಪ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಅಲಮಾರಿಯ ಮೇಲಿನ ಡಬ್ಬಿಯಲ್ಲಿ ಹಳೆಯ ಹವಳಗಳಿವೆ, ತೆಗೆದುಕೊಡು ಎಂದರು.